ಕಸ್ತೂರೆವ್ವನಿಗೆ ಕೊಟ್ಟ ಉತ್ತರ

ನಮ್ಮೂರಿನಲ್ಲಿ ಯಾರೂ ಯಾರಿಗೂ ಬುದ್ಧಿ ಹೇಳುವುದಿಲ್ಲ. ಹೇಳಿದವರೇ ಅದನ್ನು ಮಾಡಬೇಕಾಗುತ್ತದೆ, ಅದಕ್ಕೆ. ಹೊಸದಾಗಿ ಸೊಸೆಯಾಗಿ ಬಂದವರಿಗೆ ಊರಿನ ಈ ಗುಣ ಬಹಳ ಹಿಡಿಸುತ್ತದೆ. ದಾರಿ ಯಾವುದು, ಬಸ್ಸು ಹೋಯಿತೇ ಎಂಬಂಥ ಮಾತಿಗೆ ಏನು ಹೇಳಿದರೂ ನಡೆದೀತು. ಆದರೆ ಹೇಗೆ ಬಾಳಬೇಕು, ಇದನ್ನು ಮಾಡಲೋ ಬಿಡಲೋ ಎಂದು ಒಬ್ಬರು ಮನಸ್ಸಿಟ್ಟು ಕೇಳಿ, ಇನ್ನೊಬ್ಬರು ಬಾಯಿಬಿಟ್ಟು ಉತ್ತರ ಕೊಟ್ಟರೆ, ಕೇಳಿದವರು ಮನಸಾರೆ "ತಿಳೀತು" ಅನ್ನುವ ತನಕ ಉತ್ತರ ಕೊಟ್ಟವರ ಕೈಕಾಲು ಆ ಉತ್ತರದ ಹಿಂದೆಯೇ ಹೋಗುತ್ತವೆ. ನಮ್ಮ ಡಾಕ್ಟರ್ ರಾಜೇಸಾಬರು ಬಂದ ಹೊಸತರಲ್ಲಿ ಯಾರೋ ಒಬ್ಬರಿಗೆ ದಿನಾ ಹೊಳೆ ತನಕ ನಡೆಯಿರಿ ಅಂದುಬಿಟ್ಟಿದ್ದರು. ಆ ಮನುಷ್ಯನಿಗೆ ತಿಳಿಯುವುದು ತಡವಾಯಿತು. ಡಾಕ್ಟರು ಬೇಸಿಗೆಯೆಲ್ಲ ಹೊಳೆಗೆ ನಡೆದು ಕಬ್ಬಿನ ಜಲ್ಲೆಯ ಹಾಗೆ ಆದರು. ಈಗ ಅವರು ಮಾತ್ರೆ ಕೊಟ್ಟು ಕೈಮುಗಿಯುತ್ತಾರೆ, ಅಷ್ಟೇ. ಉಳಿದವರೂ ಹಾಗೆಯೇ. "ಮಗಳನ್ನ ಆ ಮನಿಗೆ ಕೊಡ್ಲೇನು" ಎಂದು ಕೇಳಿದರೆ "ಹುಡುಗಂದು ಮೂಗು ಚೊಲೋ ಐತಿ" ಎಂದು ಹೇಳಿ ಸುಮ್ಮನಾಗುತ್ತಾರೆ.

ಹಾಗೆಂದು ಪ್ರಶ್ನೆಗಳು ಹುಟ್ಟದೆ ಇರುತ್ತವೆಯೇ. ಅವನ್ನು ಎಲ್ಲಿಯಾದರೂ ಇಳಿಸಬೇಕಲ್ಲ. ನಮ್ಮ ಹಿರಿಯರು ಇದಕ್ಕೊಂದು ವ್ಯವಸ್ಥೆ ಮಾಡಿಟ್ಟಿದ್ದರು. ಕುಂಬಾರನ ಹತ್ತಿರ ಗಡಿಗೆ ಕೇಳುವ ಹಾಗೆ, ಊರಿನಲ್ಲಿ ಯಾರು ಕಥೆ ಬರೆಯುತ್ತಾರೋ ಅವರ ಹತ್ತಿರ ಉತ್ತರ ಕೇಳಬೇಕು. ಕಥೆ ಓದಿ ಮೆಚ್ಚಿದವರಿಗೆ ಕೇಳುವ ಹಕ್ಕು, ಮೆಚ್ಚಿಸಿಕೊಂಡವನಿಗೆ ಹೇಳುವ ಕರ್ಮ. ನನಗಿಂತ ಮೊದಲು ಬರೆಯುತ್ತಿದ್ದವರು ಹುಷಾರಿನ ಮನುಷ್ಯರು. ಏನು ಕೇಳಿದರೂ "ನೋಡಪಾ, ಜೀವನ ಅಂದ್ರ ಜೀವನ" ಎಂದು ಹೇಳಿ ದಾಟಿಸುತ್ತಿದ್ದರು. ನನಗೆ ಆ ಜಾಣತನ ಬರಲಿಲ್ಲ.

ನನ್ನ ಹೆಸರು ಬಾಳಪ್ಪ. ಗಿರಣಿ ಬಾಳಪ್ಪ ಅಂದರೆ ಬೇಗ ಗೊತ್ತಾಗುತ್ತದೆ. ಊರಿಗಿರುವುದು ನಂದೊಂದೇ ಹಿಟ್ಟಿನ ಗಿರಣಿ, ಮನೆಗೆ ಹತ್ತಿಕೊಂಡೇ ಇದೆ. ಹೊಸ ಕಥೆ ಬರೆದಾಗ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು, ಹಿಟ್ಟಿನ ಅಂಟಿನಿಂದ ಗಿರಣಿಯ ಹೊರಗೋಡೆಗೆ ಹಚ್ಚುತ್ತೇನೆ. ಜೋಳ ಬೀಸಿಸಲು ಬಂದವರು ಡಬ್ಬಿ ಸರದಿಗಿಟ್ಟು ಓದುತ್ತಾರೆ, ಓದು ಬಾರದವರಿಗೆ ಬಂದವರು ಓದಿ ಹೇಳುತ್ತಾರೆ. ಸಂತೆಯ ದಿನ ಗಿರಣಿ ಮುಂದಿನ ಹಾಸುಗಲ್ಲಿನ ಮೇಲೆ ಕೂತರೆ ಪ್ರಶ್ನೆ ಶುರು.

ಮೊದಮೊದಲು ನನಗೆ ಅದರಲ್ಲಿ ಹೆಮ್ಮೆಯೇ ಇತ್ತು. ಮಹಾಂತಯ್ಯ ಮಾಸ್ತರರು ಬಂದು, "ಬಾಳಪ್ಪ, ನಿನಗ ಕಥಿ ಎಲ್ಲಿಂದ ಹುಟ್ಟತಾವು? ಬರೀಬೇಕನ್ನೋವ್ರು ಏನು ಮಾಡಬೇಕು?" ಎಂದು ಕೇಳಿದರು. ನಾನು ಗತ್ತಿನಿಂದ, "ಬಾಯಿ ಮುಚ್ಚಿಕೊಂಡು ಮಂದಿ ಮಾತು ಕೇಳಬೇಕ್ರಿ" ಅಂದೆ. ಅಂದವನು ಬಾಯಿ ಮುಚ್ಚಿದೆ. ಮಾಸ್ತರರಿಗೆ ಮರುಸಂತೆಯ ತನಕ ತಿಳಿಯಲಿಲ್ಲ. ನನ್ನ ಹೆಂಡತಿ ಗುರುಬಾಯಿ ಮದುವೆಯಾದಾಗಿನಿಂದ ಹೇಳಬೇಕೆಂದು ಇಟ್ಟುಕೊಂಡಿದ್ದನ್ನೆಲ್ಲ ಆ ವಾರ ಹೇಳಿ ಮುಗಿಸಿದಳು. ಮಾಸ್ತರರು ಕೊನೆಗೆ "ತಿಳೀತು" ಅಂದಾಗ ಅವಳು ಅವರನ್ನು ನೋಡಿದ ನೋಟ ಈಗಲೂ ನೆನಪಿದೆ. ಇನ್ನೊಬ್ಬರು, ಸುಖವಾಗಿ ಇರುವುದು ಹೇಗೆ ಎಂದು ಕೇಳಿದರು. "ತಾಟಿನ್ಯಾಗ ಬಂದದ್ದನ್ನ ಹೆಸರಿಡದ ಉಣ್ಣಬೇಕು" ಅಂದೆ. ಅವರಿಗೆ ತಿಳಿಯುವ ತನಕ ನಮ್ಮ ಮನೆಯಲ್ಲಿ ದಿನಾ ಹಾಗಲಕಾಯಿ. ಗುರುಬಾಯಿ ಉಪ್ಪು ಹಾಕುವುದನ್ನೂ ಬಿಟ್ಟು ನನ್ನ ಮುಖ ನೋಡುತ್ತ ಕೂರುತ್ತಿದ್ದಳು. ನಾನು ಉಣ್ಣುತ್ತಿದ್ದೆ.

ಆಮೇಲಾಮೇಲೆ ಅವಳಿಗೆ ಇದರ ರುಚಿ ಹತ್ತಿತು. ಎದುರುಮನೆಯ ಶಾಂತವ್ವ ಒಂದು ಸಂತೆಯಲ್ಲಿ ಬಂದು, ಸೆರಗು ಸರಿಮಾಡಿಕೊಂಡು, "ಅಣ್ಣಾರ, ಬರಿಯೋ ಮನಸಿಗೆ ಸಮಾಧಾನ ಬೇಕಂದ್ರ ಮುಂಜಾನೆ ಎದ್ದು ಮೊದಲು ಯಾವ ಕೆಲಸ ಮಾಡಬೇಕು?" ಎಂದು ಕೇಳಿದಳು. ಪ್ರಶ್ನೆ ಚೆನ್ನಾಗಿದೆ ಎಂದುಕೊಂಡೆ. ಕೈಗೆ ನೀರು ಸೋಕುವ ಯಾವುದಾದರೂ ಕೆಲಸ ಎಂದು ಉತ್ತರ ಕೊಟ್ಟೆ. ಮರುದಿನ ಮುಂಜಾನೆ ನಾನು ಬಚ್ಚಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಗುರುಬಾಯಿಯೂ ಶಾಂತವ್ವನೂ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

"ಶಾಂತವ್ವಾ, ಇನ್ನೂ ತಿಳೀಲಿಲ್ಲೇನವಾ?" ಎಂದು ಕೇಳಿದೆ.

"ಇಲ್ರಿ ಅಣ್ಣಾರ, ನಾ ದಡ್ಡಿ" ಅಂದಳು.

ಹೀಗೆ ನಡೆದಿತ್ತು. ನಗೆಯಲ್ಲೇ ದಿನ ಹೋಗುತ್ತಿತ್ತು. ಅಂಥ ಒಂದು ಸಂತೆಯ ದಿನ ಕಸ್ತೂರೆವ್ವ ಬಂದಳು.

ಕಸ್ತೂರೆವ್ವ ಕೌದಿ ಹೊಲಿಯುವವಳು. ಹಳೆ ಸೀರೆ, ಹಳೆ ಧೋತರ, ಅಂಗಿಯ ತುಂಡು, ಏನೇ ಕೊಡಿ, ಚೌಕ ಕತ್ತರಿಸಿ, ಒಂದರ ಪಕ್ಕ ಒಂದಿಟ್ಟು, ಸಾಸಿವೆ ಕಾಳಿನಂಥ ಹೊಲಿಗೆ ಹಾಕಿ ಕೌದಿ ಮಾಡುತ್ತಿದ್ದಳು. ನಮ್ಮೂರಿನಲ್ಲಿ ಹುಟ್ಟಿದ ಕೂಸನ್ನು ಮೊದಲು ಮಲಗಿಸುವುದು ಅವಳ ಕೌದಿಯ ಮೇಲೆ. ಮೊದಲು ಅವಳ ಅತ್ತೆ ಹೊಲಿಯುತ್ತಿದ್ದಳು, ಅತ್ತೆ ಹೋದ ಮೇಲೆ ಇವಳು. ಈಗ ಮೀಸೆ ಬಂದ ಗಂಡಸರೆಲ್ಲ ಇವಳ ಕೌದಿಯನ್ನು ಒದ್ದೆ ಮಾಡಿ ಬೆಳೆದವರೇ. ಯಾರ ಮನೆಯಲ್ಲಿ ಯಾರು ಬಸುರಿ ಎಂಬುದು ಗಂಡನಿಗೆ ತಿಳಿಯುವ ಮೊದಲು ಕಸ್ತೂರೆವ್ವನಿಗೆ ತಿಳಿಯುತ್ತದೆ ಎಂದು ಹೇಳುತ್ತಿದ್ದರು. ಆ ಹೊತ್ತಿಗೆ ನನ್ನ ಮಗಳು ಸಾವಂತ್ರಿಯೂ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು.

ಕಸ್ತೂರೆವ್ವ ಹಾಸುಗಲ್ಲಿನ ಮೇಲೆ ಕೂತಳು. ಕೈಯಲ್ಲಿ ಆಗಲೂ ಎರಡು ಬಟ್ಟೆ ತುಂಡು ಇದ್ದವು, ಮಾತಾಡುತ್ತಲೇ ಸೂಜಿ ಹೋಗಿಬರುತ್ತಿತ್ತು.

"ಬಾಳಪ್ಪಣ್ಣಾ, ಒಂದು ಕೇಳಬೇಕಾಗಿತ್ತು. ಕೈ ಹಿಡಿದ ಕೆಲಸಾನ ಬಿಡಬೌದೇನು? ಬಿಟ್ರ ಮನುಷ್ಯಾ ಉಳೀತಾನೇನು?"

ನಾನು ಕೇಳಿದೆ, "ಯಾಕವಾ, ಕೈ ನೋಯ್ತಾವೇನು?"

"ಇಲ್ಲ."

"ಬ್ಯಾಸರ?"

"ಬ್ಯಾಸರಾನೂ ಅಲ್ಲ." ಸ್ವಲ್ಪ ಹೊತ್ತು ಹೊಲಿದಳು. "ಎಲ್ಲಿ ನೋಡಿದ್ರೂ ಬಟ್ಟಿನ ಕಾಣತೈತಿ ನನಗ. ಮದಿವಿಗೆ ಹೋದ್ರ ಸೀರಿ ನೋಡ್ತೀನಿ, ಉಟ್ಟಾಕಿ ಮುಖ ನೋಡೂದಿಲ್ಲ. ಮೊನ್ನೆ ನಮ್ಮ ಭಾವ ಸತ್ತ. ಎಲ್ಲಾರೂ ಅಳಾಕತ್ತಿದ್ರು. ನಾ ಅವನ ಧೋತರ ನೋಡಿ, ಅಂಚು ಇನ್ನೂ ಗಟ್ಟಿ ಐತಿ, ನಾಲ್ಕು ತುಂಡು ಆಕ್ಕಾವು ಅಂದ್ಕೊಂಡೆ. ಸಾಕು ಅನಸೈತಿ, ಅಣ್ಣಾ. ಬಿಡ್ಲೇನು ಅಂತ ಯಾರನ್ನ ಕೇಳಿದ್ರೂ ಹವಾ ಚೊಲೋ ಐತಿ ಅಂತಾರ. ನೀನಾದ್ರೂ ಹೇಳು."

ಇಂಥ ದೊಡ್ಡ ಪ್ರಶ್ನೆಗೆ ಮುಂದಿನ ಸಂತೆಯ ತನಕ ಹೊತ್ತು ತೆಗೆದುಕೊಳ್ಳಬಹುದು. ತೆಗೆದುಕೊಂಡೆ.

ಆ ವಾರ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಯಾಕೆಂದರೆ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ನಾನು "ಬಿಡಬ್ಯಾಡ" ಅಂದರೆ ಏನೂ ತೊಂದರೆಯಿಲ್ಲ. ನಾನು ಬೀಸುತ್ತ ಬರೆಯುತ್ತ ಇರುತ್ತೇನೆ, ಕಸ್ತೂರೆವ್ವ ಹೊಲಿಯುತ್ತ ಇರುತ್ತಾಳೆ. "ಬಿಡು" ಅಂದರೆ ನಾನೂ ನನ್ನ ಕೈ ಹಿಡಿದ ಕೆಲಸ ಬಿಡಬೇಕು. ಗಿರಣಿ ಬಂದ್, ಕಥೆ ಬಂದ್, ಕೌದಿ ಬಂದ್. ಆದರೆ ಹೀಗೆ ಹೇಳು ಎಂದು ನನಗೆ ಹೇಳುವ ಹಾಗೂ ಇಲ್ಲ. ಹೇಳಿದರೆ ಅದೂ ಬುದ್ಧಿ ಹೇಳಿದಂತೆಯೇ, ಹೇಳಿದವರ ಮೈಗೇ ಹತ್ತುತ್ತದೆ. ಆದ್ದರಿಂದ ಎಲ್ಲರೂ ಸುತ್ತುಬಳಸಿ ಬಂದರು. ಡಾಕ್ಟರ್ ರಾಜೇಸಾಬರು ಗೋಧಿ ಡಬ್ಬಿ ಹಿಡಿದು ಬಂದು, ಮುಚ್ಚಳ ತೆಗೆದು, ಗೋಧಿಯನ್ನು ನೋಡಿ ನಿಟ್ಟುಸಿರು ಬಿಟ್ಟು, ಮುಚ್ಚಳ ಹಾಕಿಕೊಂಡು ಹೋದರು. ಮಹಾಂತಯ್ಯ ಮಾಸ್ತರರು ಗಿರಣಿಯ ಬಾಗಿಲಲ್ಲಿ ನಿಂತು ಕಣ್ಣುಮುಚ್ಚಿ, "ಬಿಸಿ ಹಿಟ್ಟಿನ ವಾಸನಿ. ಇದಿಲ್ದ ಊರು ಹ್ಯಾಂಗ ಇರತಿತ್ತೋ ಏನೋ" ಎಂದು ಯಾರಿಗೋ ಹೇಳುವ ಹಾಗೆ ಹೇಳಿದರು. ಗುರುಬಾಯಿ ಅಟ್ಟದಿಂದ ತೊಟ್ಟಿಲು ಇಳಿಸಿ, ಒರೆಸಿ, ನಾನು ಓಡಾಡುವ ಜಾಗದಲ್ಲೇ ಇಟ್ಟಳು. ಒಳಗೆ ಏನೂ ಹಾಸಿರಲಿಲ್ಲ. ನಾನು ದಿನಾ ಅದಕ್ಕೆ ಎಡವುತ್ತಿದ್ದೆ.

"ಇದನ್ನ ಸ್ವಲ್ಪ ಆಕಡೆ ಇಡಬಾರದಾ?" ಎಂದು ಕೇಳಿದೆ.

"ಎಲ್ಲಿಟ್ರೂ ಖಾಲಿ ತೊಟ್ಟಲಾ ಖಾಲೀನ ಅಲ್ಲೇನು" ಅಂದಳು.

ಸಾವಂತ್ರಿ ಮಾತ್ರ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಪ್ಪನನ್ನು ನೋಡಿ ನಗುತ್ತಿದ್ದಳು. ಅದು ನನ್ನನ್ನು ತೊಟ್ಟಿಲಿಗಿಂತ ಹೆಚ್ಚು ಎಡವಿಸುತ್ತಿತ್ತು.

"ಬಿಡಬ್ಯಾಡ" ಎಂದು ಹೇಳುವುದು ಸುಲಭವಿತ್ತು. ಹೇಳಬೇಕು ಎಂದೇ ಸಂತೆಯ ದಿನ ಕಲ್ಲಿನ ಮೇಲೆ ಕೂತೆ. ಕಸ್ತೂರೆವ್ವ ಎದುರಿಗೆ ಬಂದು ಕೂತಳು. ನಾನು ಅವಳ ಮುಖ ನೋಡಿದೆ. ಅವಳು ನನ್ನ ಅಂಗಿಯ ತೋಳು ನೋಡುತ್ತಿದ್ದಳು. ಅಲ್ಲಿ ಹರಿದಿತ್ತು, ಅದರಿಂದ ಎಷ್ಟು ತುಂಡು ಬಂದಾವು ಎಂದು ಅಳೆಯುತ್ತಿದ್ದಳು. ಅವಳಿಗೇ ಅದು ಗೊತ್ತಾಗಿ ತಟ್ಟನೆ ತಲೆ ತಗ್ಗಿಸಿದಳು. ಹಾಗೆ ತಲೆ ತಗ್ಗಿಸಿದ ಹೆಣ್ಣುಮಗಳಿಗೆ ನನ್ನ ಬಾಯಿಂದ ಸುಲಭದ ಮಾತು ಹೊರಡಲಿಲ್ಲ.

"ಬಿಡು, ಕಸ್ತೂರೆವ್ವ" ಅಂದೆ. "ಬಿಟ್ರೂ ಉಳೀತೀ."

ಹಿಂದಿನಿಂದ ಯಾರದೋ ಡಬ್ಬಿ ನೆಲಕ್ಕೆ ಬಿತ್ತು. ಗುರುಬಾಯಿ ಎದ್ದು ಒಳಗೆ ಹೋದಳು. ಕಸ್ತೂರೆವ್ವ ಕೈಯಲ್ಲಿದ್ದ ತುಂಡನ್ನು ಮಡಚಿ, ಸೂಜಿಯನ್ನು ಅದಕ್ಕೆ ಚುಚ್ಚಿ, ಕಲ್ಲಿನ ಮೇಲಿಟ್ಟು, "ನೋಡೂಣು" ಅಂದಳು. "ತಿಳೀತು" ಅನ್ನಲಿಲ್ಲ.

ಮರುದಿನ ಮುಂಜಾನೆ ಎಂದಿನಂತೆ ಗಿರಣಿಗೆ ಹೋದೆ. ಇಂಜಿನ್ನು ಶುರು ಮಾಡುವ ಹಿಡಿಕೆಯ ಕಡೆಗೆ ಕೈ ಚಾಚಿದೆ. ಕೈ ಒಂದು ಗೇಣು ಇತ್ತಲೇ ನಿಂತಿತು. ನೋವಿಲ್ಲ, ನಡುಕವಿಲ್ಲ, ಸುಮ್ಮನೆ ಮುಂದೆ ಹೋಗಲೊಲ್ಲದು. ಪೆನ್ನು ತೆಗೆದುಕೊಳ್ಳಲು ಹೋದರೂ ಅಷ್ಟೇ. ಗುರುಬಾಯಿ, "ನಿನ್ನ ಕೈ ಹೋದ್ರ ಹೋಗ್ಲಿ, ನನ್ನ ಕೈ ಅದಾವಲ್ಲ" ಎಂದು ಸೆರಗು ಕಟ್ಟಿ ತಾನೇ ಗಿರಣಿ ಚಾಲೂ ಮಾಡಿದಳು. ನಾಲ್ಕಾರು ದಿನ ಚೆನ್ನಾಗಿ ನಡೆಸಿದಳು. ಆದರೆ ಬೀಸುವ ಕಲ್ಲು ನುಣುಪಾದಾಗ ಉಳಿಯಿಂದ ಕಚ್ಚು ಹಾಕಬೇಕು, ಅದು ನನ್ನ ಕೈಗೆ ಮಾತ್ರ ಬರುವ ಕೆಲಸ. ಕಲ್ಲು ನುಣುಪಾಯಿತು. ಹಿಟ್ಟು ರವೆಯಾಯಿತು, ರವೆ ನುಚ್ಚಾಯಿತು. ರೊಟ್ಟಿ ಬಡಿದರೆ ಅಂಚೆಲ್ಲ ಬಿರಿದು ಬಾಚಣಿಗೆಯ ಹಲ್ಲಿನ ಹಾಗೆ ಕಾಣುತ್ತಿತ್ತು. "ನುಚ್ಚಿನ ರೊಟ್ಟಿ ಆರೋಗ್ಯಕ್ಕ ಚೊಲೋ" ಎಂದು ಅವಳು ಎರಡು ದಿನ ವಾದ ಮಾಡಿದಳು. ಆಮೇಲೆ ಬಾಗಿಲು ಹಾಕಿದಳು.

ಊರವರು ಬೈಯಲಿಲ್ಲ. ಹಾಗೆ ಹೊಂದಿಕೊಳ್ಳುವುದು ನಮ್ಮವರಿಗೆ ರೂಢಿ. ಹಿತ್ತಲಿನಲ್ಲಿ ತುಳಸಿಗಿಡಕ್ಕೆ ಕಟ್ಟೆಯಾಗಿದ್ದ, ಬಾಗಿಲಿಗೆ ಅಡ್ಡ ಇಟ್ಟಿದ್ದ ಬೀಸುಕಲ್ಲುಗಳನ್ನೆಲ್ಲ ಎತ್ತಿ ತೊಳೆದರು. ಗಂಡಸರೂ ಕೂತು ಬೀಸಿದರು. ಮಹಾಂತಯ್ಯ ಮಾಸ್ತರರು ಗೂಟ ಹಿಡಿದು ತಿರುಗಿಸುತ್ತ ಅರ್ಧ ಸೇರು ಮುಗಿಯುವುದರೊಳಗೆ ಮೂರು ಸಲ ಎದ್ದು ನೀರು ಕುಡಿದರಂತೆ. ಕೆಲವರು ಪಕ್ಕದೂರಿಗೆ ಗಾಡಿ ಕಟ್ಟಿದರು. ದಾರಿಯಲ್ಲಿ ನಾನು ಕಂಡರೆ "ಏನ್ ಬಾಳಪ್ಪ, ಆರಾಮ?" ಅನ್ನುತ್ತಿದ್ದರು. ಆ ಆರಾಮ ಎಂಬ ಮಾತಿನಲ್ಲಿ ಎಲ್ಲವೂ ಇರುತ್ತಿತ್ತು.

ಕಸ್ತೂರೆವ್ವ ಮಾತ್ರ ದಿನಾ ಬಂದು ಹಾಸುಗಲ್ಲಿನ ಮೇಲೆ ಕೂರುತ್ತಿದ್ದಳು. ನನ್ನನ್ನು ನೋಡುವುದೇ ಅವಳ ಕೆಲಸ. ಬಿಡುವುದು ಹೇಗೆ ಎಂದು ಕಲಿಯಬೇಕಲ್ಲ, ಉತ್ತರ ಕೊಟ್ಟವನನ್ನೇ ನೋಡಬೇಕು. ಮೊದಲ ದಿನ ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದಳು, ಓಡಿಹೋಗುವ ಕೋಳಿಗಳನ್ನು ಬುಟ್ಟಿಯಲ್ಲಿ ಮುಚ್ಚಿಟ್ಟ ಹಾಗೆ. ನಾನು ಗಿರಣಿಯ ಸುತ್ತ ಎರಡು ಸುತ್ತು ಹಾಕಿದೆ. ಗೋಡೆಯ ಮೇಲಿನ ಹಳೆ ಕಥೆಯ ಮೂಲೆ ಎದ್ದಿತ್ತು, ಅದನ್ನು ಅಂಟಿಸಲು ಹೋದೆ, ಕೈ ನಿಂತಿತು. ಬಂದು ಕೂತೆ.

"ಅಣ್ಣಾ, ಹಿಂಗ ಕೂಡೂದಕ್ಕ ಬಿಡೂದು ಅಂತಾರೇನು?" ಅಂದಳು.

"ಮತ್ತ? ಏನೂ ಮಾಡವಲ್ಲೆ ನಾನು."

"ಕಾಲು ನೋಡ್ಕೋ."

ನೋಡಿಕೊಂಡೆ. ಬಲಗಾಲು ನೆಲಕ್ಕೆ ಬಡಿಯುತ್ತಿತ್ತು, ಇಂಜಿನ್ನಿನ ತಾಳಕ್ಕೆ ಸರಿಯಾಗಿ. ಎಷ್ಟು ಹೊತ್ತಿನಿಂದ ಹಾಗೆ ಬಡಿಯುತ್ತಿತ್ತೋ.

"ಗಿರಣಿ ಒಳಗ ಬಂದ್ ಆಗೈತಿ, ನಿನ್ನ ಮೈಯಾಗ ನಡದೈತಿ" ಎಂದು ನಕ್ಕಳು. ಅವಳು ನಗುವುದನ್ನು ನಾನು ಕಂಡದ್ದು ಅದೇ ಮೊದಲು. ಮುಂದಿನ ಹಲ್ಲೊಂದು ಸ್ವಲ್ಪ ಓರೆ.

ಬಿಡುವುದು ನನಗೆ ಚೆನ್ನಾಗಿ ಬರಲಿಲ್ಲ ಎಂದೇ ಹೇಳಬೇಕು. ಕೈ ನಿಂತಿತ್ತು, ಅಷ್ಟೇ. ಶಾಂತವ್ವ ಬೀಸುತ್ತಿದ್ದರೆ ಪಕ್ಕದಲ್ಲಿ ನಿಂತು, ಕಾಳು ಒಮ್ಮೆಗೇ ಸುರಿದರೆ ಹೀಗಾಗುತ್ತದೆ ಎಂದು ಗೊಣಗುತ್ತಿದ್ದೆ. ಇಬ್ಬರು ಜಗಳವಾಡಿದರೆ ಕಿವಿ ಅತ್ತ ಹೋಗಿ, ಮೊದಲ ಸಾಲು ಹೀಗೆ ಶುರು ಮಾಡಬೇಕು ಎಂದು ತಲೆಯಲ್ಲಿ ಏಳುತ್ತಿತ್ತು. ಅದನ್ನು ಎಲ್ಲೂ ಇಡಲಾಗದೆ ತಲೆ ಭಾರವಾಗುತ್ತಿತ್ತು. ಕಸ್ತೂರೆವ್ವನದು ಬೇರೆಯೇ. ಒಂದು ವಾರಕ್ಕೆ ಕೈ ತೊಡೆಯ ಕೆಳಗಿನಿಂದ ಹೊರಬಂದವು. ಆಮೇಲೆ ಮಡಿಲಲ್ಲಿ ಬಿದ್ದುಕೊಂಡಿದ್ದವು, ಊಟವಾದ ಮೇಲೆ ಮಲಗಿದ ಬೆಕ್ಕಿನ ಹಾಗೆ.

"ಅಣ್ಣಾ, ಶಾಂತವ್ವನ ಗಲ್ಲದ ಮ್ಯಾಲ ಮಚ್ಚಿ ಐತಿ, ನೋಡೀಯೇನು?" ಎಂದು ಒಂದು ದಿನ ಕೇಳಿದಳು.

"ಹುಟ್ಟಿದಾಗಿಂದ ಐತಿ ಅದು. ಊರಿಗೆಲ್ಲ ಗೊತ್ತೈತಿ."

"ನನಗ ಗೊತ್ತಿರಲಿಲ್ಲ. ಆಕಿ ಹಸಿರು ಸೀರಿ ಗೊತ್ತಿತ್ತು, ಪಟ್ಟಿ ಸೀರಿ ಗೊತ್ತಿತ್ತು. ಚೊಲೋ ಕಾಣತೈತಿ ಆ ಮಚ್ಚಿ" ಅಂದಳು.

ಅಷ್ಟರಲ್ಲಿ ಊರಿನ ತೋಳು ಸೋತಿದ್ದವು. ಮಾಸ್ತರರ ಮುಂದಾಳತನದಲ್ಲಿ ಹತ್ತಿಪ್ಪತ್ತು ಮಂದಿ ಡಬ್ಬಿ ಹಿಡಿದು ಗಿರಣಿಯ ಮುಂದೆ ಬಂದು ನಿಂತರು. ಸುಮ್ಮನೆ ಭುಜ ಒತ್ತಿಕೊಳ್ಳುತ್ತ ನಿಂತರು. ಕಸ್ತೂರೆವ್ವ ಒಬ್ಬೊಬ್ಬರ ಮುಖ ನೋಡಿದಳು. ಮುಖ ನೋಡುವುದು ಕಲಿತ ಮೇಲೆ ಅವಳಿಗೆ ಇದೊಂದು ಕಷ್ಟವಾಗಿತ್ತು. ಎಲ್ಲ ಕಾಣುತ್ತಿತ್ತು.

"ಆತು ಬಿಡ್ರಿ" ಅಂದಳು. "ತಿಳೀತು, ಬಾಳಪ್ಪಣ್ಣಾ. ತಿಳೀತು."

ಎಲ್ಲರೂ ಹೋ ಎಂದು ಒಳಗೆ ನುಗ್ಗಿದರು. ನಾನು ಹಿಡಿಕೆಗೆ ಕೈ ಚಾಚಿದೆ. ಕೈ ಗೇಣು ಇತ್ತಲೇ ನಿಂತಿತು. ಇನ್ನೊಂದು ಸಲ ಚಾಚಿದೆ. ಅಲ್ಲೇ. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಕಸ್ತೂರೆವ್ವನೂ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು.

"ಸುಳ್ಳು ಹೇಳಾಕಾದ್ರೂ ಕಲೀಬಾರದೇನವಾ, ಇಷ್ಟು ವರ್ಷ ಆತು" ಎಂದು ಗುರುಬಾಯಿ ಕೇಳಿದಳು.

"ನಿನ್ನ ಗಂಡನ್ನ ಕೇಳು, ಹ್ಯಾಂಗ ಕಲೀಬೇಕು ಅಂತ" ಅಂದಳು ಕಸ್ತೂರೆವ್ವ.

"ಬ್ಯಾಡ ಬ್ಯಾಡ. ಆಮ್ಯಾಲ ಸುಳ್ಳು ಹೇಳ್ತಾ ಕೂಡ್ತಾನ."

ಡಬ್ಬಿಗಳು ಮನೆಗೆ ಹೋದವು. ನಾವಿಬ್ಬರೂ ಮತ್ತೆ ಕಲ್ಲಿನ ಮೇಲೆ ಕೂತೆವು. ಅವತ್ತು ನಾನು ಅವಳನ್ನು ಕೇಳಿಯೇಬಿಟ್ಟೆ, "ಖರೇ ಹೇಳು, ಇನ್ನೂ ಏನು ತಿಳೀಬೇಕಾಗೈತಿ ನಿನಗ? ಆರಾಮ ಇದ್ದೀ, ನಗ್ತೀ, ಹೊಳಿಗೆ ಹೋಗಿ ಬರ್ತೀ."

"ಬಟ್ಟಿ ಕೈಗೆ ಬಂದಿಲ್ಲ ಇನ್ನೂ" ಅಂದಳು. "ಕಣ್ಣಿಗೆ ಬೀಳದಾಗ ಬಿಡೂದು ಏನು ದೊಡ್ಡದು? ಸೂಜಿ ದಾರ ಎದುರಿಗೆ ಬಂದಾಗ ಕೈ ಏನು ಮಾಡತೈತೋ ನನಗ ಗೊತ್ತಿಲ್ಲ. ಕೈ ಹೋಗಿಬಿಟ್ರ ನಿನ್ನ ಉತ್ತರ ಸುಳ್ಳು, ಅಣ್ಣಾ. ಈ ಜನ್ಮಕ್ಕ ನಾ ಬಟ್ಟೀನ ನೋಡ್ಕೋತ ಹೋಗಬೇಕು."

ಅದು ನನ್ನ ಎದೆಗೆ ತಟ್ಟಿತು. ನನ್ನ ಉತ್ತರ ಸುಳ್ಳಾದರೆ ಅವಳಿಗೆ ತಿಳಿಯುವುದು ಎಂಬುದೇ ಇಲ್ಲ. ಅವಳಿಗೆ ತಿಳಿಯದಿದ್ದರೆ ನನ್ನ ಕೈ ಗೇಣು ಇತ್ತಲೇ.

ಸಾವಂತ್ರಿಯ ದಿನ ಹತ್ತಿರ ಬಂದವು. ಗುರುಬಾಯಿ ತೊಟ್ಟಿಲನ್ನು ನೋಡಿ ನೋಡಿ ಸಾಕಾಗಿ, ಒಂದು ಮಧ್ಯಾಹ್ನ ಪೆಟ್ಟಿಗೆ ತೆರೆದು ಹಳೆ ಬಟ್ಟೆಯೆಲ್ಲ ಹೊರಗೆ ಹಾಕಿದಳು. ಶಾಂತವ್ವನನ್ನು ಕರೆದಳು. ಇಬ್ಬರೂ ಪಡಸಾಲೆಯಲ್ಲಿ ಕೂತು ಕೌದಿ ಹೊಲಿಯಲು ಶುರು ಮಾಡಿದರು. ಇಬ್ಬರಿಗೂ ಗುಂಡಿ ಹಚ್ಚುವುದರ ಆಚೆಗೆ ಹೊಲಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ, ಗೊತ್ತಿರುವ ಅವಶ್ಯಕತೆಯೇ ಊರಿಗೆ ಬಿದ್ದಿರಲಿಲ್ಲ. ಚೌಕ ಕತ್ತರಿಸಿದರೆ ಒಂದು ಕಡೆ ಉದ್ದ ಬರುತ್ತಿತ್ತು. ಉದ್ದವಾದದ್ದನ್ನು ಕತ್ತರಿಸಿದರೆ ಇನ್ನೊಂದು ಕಡೆ ಉದ್ದ. "ನಿನ್ನ ತುಂಡು ಓಡಿಹೋಗತೈತಿ, ಹಿಡಿ" ಎಂದು ಇವಳು, "ನಿನ್ನ ಹೊಲಿಗಿ ನೋಡು, ಕುಂಟ ಕತ್ತಿ ನಡದಂಗ ನಡದೈತಿ" ಎಂದು ಅವಳು. ಸಾವಂತ್ರಿ ನಗುತ್ತ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಬೆರಳು ಚುಚ್ಚಿಕೊಂಡು, ಬೈದುಕೊಂಡು, ಬಿಚ್ಚಿ, ಹೊಲಿದು, ಕೊನೆಗೂ ಒಂದನ್ನು ಮುಗಿಸಿದರು. ನೆಲಕ್ಕೆ ಹಾಸಿದರೆ ನಾಲ್ಕು ಮೂಲೆಯಲ್ಲಿ ಮೂರು ಮಾತ್ರ ನೆಲಕ್ಕೆ ತಾಗುತ್ತಿದ್ದವು.

ಕಸ್ತೂರೆವ್ವ ಅತ್ತ ಬರಲಿಲ್ಲ. ಕಲ್ಲಿನ ಮೇಲೆ ಕೂತು ಒಳಗಿನ ಮಾತು ಕೇಳುತ್ತಿದ್ದಳು. ಅವಳ ಕೈ ಮಡಿಲಲ್ಲಿ ಸುಮ್ಮನಿದ್ದವೋ ಇಲ್ಲವೋ ಎಂದು ನಾನು ಕದ್ದು ನೋಡುತ್ತಿದ್ದೆ. ನಾನು ನೋಡುವುದನ್ನು ಅವಳು ನೋಡುತ್ತಿದ್ದಳು.

ಒಂದು ಮುಂಜಾನೆ, ಬಿಸಿಲು ಪಡಸಾಲೆಗೆ ಬರುವ ಹೊತ್ತಿಗೆ ಸಾವಂತ್ರಿ ಹೆತ್ತಳು. ಹೆಣ್ಣು ಕೂಸು. ರಾಜೇಸಾಬರು ಹೊರಗೆ ಬಂದು, ಎರಡೂ ಜೀವ ಚೆನ್ನಾಗಿವೆ ಎಂದು ಹೇಳಿ, ಕೈಮುಗಿದು ಹೋದರು. ಗುರುಬಾಯಿ ಕೂಸನ್ನು ಎದೆಗೆ ಒತ್ತಿಕೊಂಡು ಪಡಸಾಲೆಗೆ ಬಂದಳು. ಬಾಗಿಲಲ್ಲಿ ಕಸ್ತೂರೆವ್ವ ನಿಂತಿದ್ದಳು. ಊರಿನ ಯಾವ ಕೂಸು ಹುಟ್ಟಿದಾಗಲೂ ಅವಳು ಹೀಗೆ ಬರಿಗೈಯಲ್ಲಿ ಬಂದು ನಿಂತಿರಲಿಲ್ಲ. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲು ನೋಡುತ್ತಿದ್ದಳು.

"ಬಾ ಒಳಗ" ಅಂದಳು ಗುರುಬಾಯಿ. ಆಮೇಲೆ, ಬೇಕೆಂದೇ ಅಂದಳೋ, ಮನಸ್ಸಿಗೆ ಬಂದದ್ದನ್ನು ಅಂದಳೋ, "ಹಾಸು ನೀನ, ನಿನ್ನ ಕೈಯಿಂದ" ಎಂದು ತೊಟ್ಟಿಲಲ್ಲಿದ್ದ ಕೌದಿಯ ಕಡೆ ತೋರಿಸಿದಳು.

ಕಸ್ತೂರೆವ್ವ ಕೌದಿಯನ್ನು ಎತ್ತಿಕೊಂಡಳು. ಅಂಗೈಯಿಂದ ಒಮ್ಮೆ ಸವರಿದಳು. ಹೆಬ್ಬೆರಳು ತಾನಾಗಿ ಅಂಚಿನ ಗುಂಟ ಹೋಗುತ್ತ ಹೋಗುತ್ತ ಒಂದು ಕಡೆ ನಿಂತಿತು.

"ಇಲ್ಲಿ ಗಂಟು ಉಳದೈತಿ" ಅಂದಳು.

ಶಾಂತವ್ವ ಗೂಡಿನಲ್ಲಿದ್ದ ಸೂಜಿ ದಾರ ತೆಗೆದು ಮುಂದೆ ಹಿಡಿದಳು. ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ. ಗಂಟಿದ್ದರೆ ಕೂಸಿನ ಬೆನ್ನಿಗೆ ಚುಚ್ಚೀತು ಎಂದು ಹಿಡಿದದ್ದು, ಅಷ್ಟೇ. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಕಸ್ತೂರೆವ್ವನ ಕೈ ನೋಡುತ್ತಿದ್ದೆ. ಮಡಿಲ ಬೆಕ್ಕು ಎಚ್ಚರವಾಯಿತು ಎಂದುಕೊಂಡೆ. ಬಲಗೈ ಮೇಲೆದ್ದಿತು, ಸೂಜಿಯ ತನಕ ಹೋಯಿತು, ಸೂಜಿಯನ್ನು ದಾಟಿ ಮುಂದೆ ಹೋಗಿ ಗುರುಬಾಯಿಯ ತೋಳಿನಲ್ಲಿದ್ದ ಕೂಸಿನ ಮುಖದ ಮೇಲಿನ ಸೆರಗನ್ನು ಸರಿಸಿತು.

ಬಹಳ ಹೊತ್ತು ನೋಡಿದಳು.

"ಮೂಗು ಬಾಳಪ್ಪಣ್ಣಂದು" ಅಂದಳು. "ಪಾಪ."

ಸಾವಂತ್ರಿ ಒಳಗಿನಿಂದ ನಕ್ಕಳು. ಕಸ್ತೂರೆವ್ವ ಕೌದಿಯನ್ನು, ಗಂಟು ಕಾಲಿನ ಕಡೆಗೆ ಬರುವ ಹಾಗೆ ತಿರುಗಿಸಿ, ತೊಟ್ಟಿಲಲ್ಲಿ ಹಾಸಿದಳು. ಎದ್ದು ನಿಂತ ಮೂಲೆಯನ್ನು ಅಂಗೈಯಿಂದ ಒತ್ತಿದಳು. ಅದು ಮತ್ತೆ ಎದ್ದಿತು. ಇರಲಿ ಎಂದು ಬಿಟ್ಟಳು. ಕೂಸನ್ನು ತೆಗೆದುಕೊಂಡು ಮಲಗಿಸಿದಳು. ಕೂಸು ಒಮ್ಮೆ ಮುಖ ಹಿಂಡಿ, ಮೈಮುರಿದು, ನಿದ್ದೆಗೆ ಜಾರಿತು.

"ತಿಳೀತು, ಅಣ್ಣಾ" ಅಂದಳು, ನನ್ನ ಕಡೆ ತಿರುಗದೆ.

ನಾನು ಕೈ ಚಾಚಿ ನೋಡಬೇಕಾಗಲಿಲ್ಲ. ತೋಳಿನಿಂದ ಬೆರಳಿನ ತುದಿಯ ತನಕ ಏನೋ ಬೆಚ್ಚಗೆ ಇಳಿದು ಬಂತು. ಗುರುಬಾಯಿ ನನ್ನ ಮುಖ ನೋಡಿದವಳೇ, ಮೊಮ್ಮಗಳನ್ನು ಮರೆತು, "ನಿಂತೀಯಲ್ಲಾ, ಕಲ್ಲಿಗೆ ಕಚ್ಚು ಹಾಕಬೇಕು, ಊರು ಉಪಾಸ ಐತಿ" ಅಂದಳು. ಶಾಂತವ್ವ ಆಗಲೇ ಬಾಗಿಲು ದಾಟಿ ಓಣಿಯಲ್ಲಿ ಕೂಗುತ್ತ ಹೋಗಿದ್ದಳು. ಡಬ್ಬಿಗಳ ಸದ್ದು ಒಂದೊಂದಾಗಿ ಹತ್ತಿರ ಬರತೊಡಗಿತು.

ನನಗೆ ಹೋಗಲು ಮನಸ್ಸಾಗಲಿಲ್ಲ. ಇಷ್ಟು ದಿನ ಕೈ ತುರಿಸುತ್ತಿದ್ದವನು ನಾನು, ಈಗ ತೊಟ್ಟಿಲ ಪಕ್ಕದಲ್ಲಿ ಕೂತುಬಿಟ್ಟೆ. ಕಸ್ತೂರೆವ್ವ ಇನ್ನೊಂದು ಪಕ್ಕದಲ್ಲಿ ಕೂತು ಹಗ್ಗ ಹಿಡಿದು ಮೆಲ್ಲಗೆ ತೂಗುತ್ತಿದ್ದಳು. ನನ್ನ ಉತ್ತರ ನನಗೆ ಸರಿಯಾಗಿ ಹೊಂದಲಿಲ್ಲ, ಅವಳಿಗೆ ಹೊಂದಿತು. ಅದು ಹೇಗೆ ಎಂದು ನನಗೆ ಹೊಳೆಯಲಿಲ್ಲ. ಸಂತೆ ಸಂತೆಗೂ ಊರಿಗೆಲ್ಲ ಉತ್ತರ ಕೊಟ್ಟವನು, ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರನ್ನು ಮನಸ್ಸಿಟ್ಟು ಕೇಳಿದೆ.

"ಕಸ್ತೂರೆವ್ವ, ಬಿಡೂದು ಅಂದ್ರ ಹ್ಯಾಂಗ? ನಿನಗ ಏನು ತಿಳೀತು?"

ಅವಳು ತೂಗುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಓರೆ ಹಲ್ಲು ಕಂಡಿತು.

"ಯವ್ವಾ, ನಾ ಯಾಕ ಹೇಳಿ ಸಿಕ್ಕೊಳ್ಳಲಿ" ಅಂದಳು. "ಇವತ್ತ ಬಿಡುಗಡಿ ಆಗೈತಿ. ನಿನಗ ತಿಳಿಯೂದು ಯಾವ ಕಾಲಕ್ಕೋ." ಹಗ್ಗವನ್ನು ನನ್ನ ಕೈಗೆ ಕೊಟ್ಟು ಎದ್ದಳು. ಬಾಗಿಲಲ್ಲಿ ತುಂಬಿದ್ದ ಡಬ್ಬಿಗಳ ನಡುವೆ, ಒಬ್ಬೊಬ್ಬರ ಮುಖವನ್ನೂ ನೋಡಿ ಮಾತಾಡಿಸುತ್ತ, ಹೊಳೆಯ ಕಡೆಗೆ ಹೋದಳು.